ನಮ್ಮ ಪ್ರಾಜೆಕ್ಟ್‌ ನಮ್ಮೂರ ಗಿರಣಿಯಲ್ಲೇ ಇದೆ

ಗಂಗಾವತಿಯ ಸಣ್ಣ ಅಕ್ಕಿ ಗಿರಣಿಯೊಂದಕ್ಕೆ ಹೋಗಿದ್ದೆ. ಮಾಲೀಕರು ತೌಡಿನ ಚೀಲ ತೋರಿಸಿ, ‘ತಮ್ಮಾ, ನಮ್ಮನ್ನ ಉಳಿಸಿದ್ದು ಇದು ನೋಡು’ ಎಂದರು.

ಹಳೆಯ ಹಲ್ಲರ್‌ ಯಂತ್ರದಲ್ಲಿ ಹೊಟ್ಟು, ತೌಡು ಒಂದಕ್ಕೊಂದು ಕಲೆತು ಬರುತ್ತಿದ್ದವು, ನುಚ್ಚೂ ಹೆಚ್ಚು. ರಬ್ಬರ್‌ ರೋಲರ್‌ ಹಾಕಿದ ಮೇಲೆ ಹೊಟ್ಟು ಬೇರೆಯಾಯಿತು, ತೌಡು ಬೇರೆಯಾಯಿತು, ನುಚ್ಚು ಕಡಿಮೆಯಾಯಿತು. ಈಗ ತೌಡು ಎಣ್ಣೆ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ, ಹೊಟ್ಟು ಬಾಯ್ಲರ್‌ ಉರಿಸುತ್ತದೆ. ಕಸದಿಂದ ರಸ ಎಂದರೆ ಇದೇ ಅಲ್ಲವೇ?

ಹೊಸ ಆವಿಷ್ಕಾರ ಎಂದರೆ ಬೆಂಗಳೂರಿನ ಸ್ಟಾರ್ಟ್‌ಅಪ್‌, ಮೊಬೈಲ್‌ ಆ್ಯಪ್‌ ಎಂದೇ ನಾವು ತಿಳಿದಿದ್ದೇವೆ. ಸಣ್ಣ ಉದ್ಯಮಿಗೆ ಅದರ ಅರ್ಥ ಸರಳ: ನಷ್ಟ ಎಲ್ಲಿ ಸೋರುತ್ತಿದೆಯೋ ಅದನ್ನು ತಡೆಯುವುದು.

ಆದರೆ ಎಲ್ಲ ಯಂತ್ರವೂ ಎಲ್ಲರ ಕೈಗೆಟುಕದು. ಕಲರ್‌ ಸಾರ್ಟರ್‌ನ ಕ್ಯಾಮೆರಾ ಕಪ್ಪಾದ ಕಾಳನ್ನು ಗುರುತಿಸುತ್ತದೆ, ಗಾಳಿಯ ಹೊಡೆತ ಅದನ್ನು ಹೊರದಬ್ಬುತ್ತದೆ. ಅದಿಲ್ಲದ ಗಿರಣಿಯ ಅಕ್ಕಿ ಪೇಟೆಯಲ್ಲಿ ಹಿಂದೆ ಬೀಳುತ್ತದೆ. ಹತ್ತು ಸಣ್ಣ ಗಿರಣಿಗಳು ಸೇರಿ ಒಂದು ಯಂತ್ರ ಇಟ್ಟುಕೊಳ್ಳಬಾರದೇಕೆ? ಕೇಂದ್ರ ಸರ್ಕಾರದ ಕ್ಲಸ್ಟರ್‌ ಅಭಿವೃದ್ಧಿ ಯೋಜನೆಯಲ್ಲಿ ಇಂಥ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವಿದೆ. ಆ ಅರ್ಜಿ ತುಂಬುವ ತಿಳಿವಳಿಕೆ ಮಾತ್ರ ಹಳ್ಳಿ ಮುಟ್ಟಿಲ್ಲ.

ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಬೇರೆಯದೇ ಅಗತ್ಯ. ಹಗುರ ಮರ, ಹುಣಸೆಬೀಜದ ಅಂಟಿನಿಂದ ಆಗುವ ಅಲ್ಲಿನ ಗೊಂಬೆಗಳಿಗೆ ಜಿಐ ಮಾನ್ಯತೆ ಇದೆ. ಅಲ್ಲಿ ಕೈಕೆಲಸವೇ ಬೆಲೆ. ಯಂತ್ರ ಅದನ್ನು ಕಸಿಯಬಾರದು. ಮಳೆಗಾಲದಲ್ಲೂ ಗೊಂಬೆ ಒಣಗಿಸುವ ಸೌರ ಪೆಟ್ಟಿಗೆ, ದೂರದೂರಿಗೆ ಕಳಿಸಿದರೂ ಮುರಿಯದ ಪ್ಯಾಕಿಂಗ್‌ ಸಿಕ್ಕರೆ ಸಾಕು, ಮಾರುಕಟ್ಟೆ ಹಿಗ್ಗುತ್ತದೆ.

ಇವೆಲ್ಲ ಎಂಜಿನಿಯರಿಂಗ್‌ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ. ನಾವು ಮಾಡುತ್ತಿರುವುದೇನು? ಕೊನೆಯ ವರ್ಷ ಹಣ ಕೊಟ್ಟು ಸಿದ್ಧ ಪ್ರಾಜೆಕ್ಟ್‌ ತರುತ್ತೇವೆ, ಅಂಕ ಬಂದ ಮೇಲೆ ಅಟ್ಟಕ್ಕೆ ಎಸೆಯುತ್ತೇವೆ. ನಮ್ಮ ಸೀನಿಯರ್‌ಗಳು ಮಾಡಿದ್ದೂ ಇದನ್ನೇ. ಆಮೇಲೆ ಊರಲ್ಲಿ ಕೆಲಸವಿಲ್ಲ ಎಂದು ಬೆಂಗಳೂರಿನ ಬಸ್‌ ಹತ್ತುತ್ತೇವೆ.

ಕಾಲೇಜುಗಳು ಒಂದು ನಿಯಮ ಮಾಡಲಿ: ಪ್ರತಿ ತಂಡವೂ ಜಿಲ್ಲೆಯ ಒಂದು ಸಣ್ಣ ಉದ್ಯಮದ ಒಂದು ತೊಂದರೆಯನ್ನು ಆರಿಸಿಕೊಳ್ಳಬೇಕು. ಅದು ಕುಷ್ಟಗಿ ತಾಲ್ಲೂಕಿನ ಸೀರೆ ಮಗ್ಗವಿರಲಿ, ಯಲಬುರ್ಗಾದ ಹಿಟ್ಟಿನ ಗಿರಣಿಯಿರಲಿ. ಅಂಕ ಕೊಡುವಾಗ ಆ ಮಾಲೀಕರ ಅಭಿಪ್ರಾಯವನ್ನೂ ಕೇಳಲಿ.

ಮುಂದಿನ ವರ್ಷ ನನ್ನ ಸರದಿ. ಗಿರಣಿಯ ಮಾಲೀಕರಿಗೆ ಮತ್ತೆ ಬರುತ್ತೇನೆಂದು ಹೇಳಿ ಬಂದಿದ್ದೇನೆ.