ಗದ್ದೆಯ ಬಯಲಿನಲ್ಲಿ ನಿವೇಶನದ ಕಲ್ಲು

ತುಮಕೂರು ಸೀಮೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆಯು ಮಾರ್ಕೋನಹಳ್ಳಿಯ ಜಲಾಶಯವನ್ನು ದಾಟಿ, ಮದ್ದೂರಿನ ಬಯಲನ್ನು ಹಾದು ಕಾವೇರಿಯನ್ನು ಸೇರುತ್ತದೆ. ಈ ಹಾದಿಯಲ್ಲಿ ಮದ್ದೂರಿಗೆ ಸಮೀಪದ ವೈದ್ಯನಾಥಪುರವು ವೈದ್ಯನಾಥೇಶ್ವರನ ಪುರಾತನ ದೇವಾಲಯದಿಂದ ಹೆಸರಾದ ಊರು. ಈ ಸೀಮೆಯ ಹಳೆಯ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ: ಗದ್ದೆಯನ್ನು ದಾನವಿತ್ತವರು ಅದರ ನಾಲ್ಕು ಎಲ್ಲೆಗಳನ್ನು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಕೆರೆ, ಕಾಲುವೆ, ಮರ, ದಾರಿ ಇವೇ ಆ ಎಲ್ಲೆಗಳು. ಇಂದು ಮದ್ದೂರು ಸೀಮೆಯ ಬಯಲಿನಲ್ಲಿ ಮತ್ತೆ ಕಲ್ಲುಗಳು ಏಳುತ್ತಿವೆ. ಆದರೆ ಇವು ಮೂವತ್ತು ನಲವತ್ತು ಅಡಿಗಳ ನಿವೇಶನದ ಕಲ್ಲುಗಳು. ಇವುಗಳಿಗೆ ಕೆರೆಯೂ ಗೊತ್ತಿಲ್ಲ, ಕಾಲುವೆಯೂ ಗೊತ್ತಿಲ್ಲ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿಯೇ ಲೋಕಾರ್ಪಣೆಗೊಂಡಿತು. ಅದಕ್ಕೂ ಮೊದಲು, 2020ರಲ್ಲಿ, ಕರ್ನಾಟಕ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಲಾಯಿತು. ರಸ್ತೆಯೂ ಬಂದಿತು, ಕಾನೂನಿನ ಬಾಗಿಲೂ ತೆರೆಯಿತು. ಪಟ್ಟಣದಲ್ಲಿ ಒಂದಿಷ್ಟು ಉಳಿತಾಯ ಮಾಡಿದ ಪ್ರತಿಯೊಬ್ಬ ನೌಕರನಿಗೂ ಈಗ ಒಂದೇ ಉಪದೇಶ ದೊರೆಯುತ್ತಿದೆ: ಹೆದ್ದಾರಿಯ ಪಕ್ಕದಲ್ಲಿ ಒಂದು ಜಾಗ ಮಾಡಿಡಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಎರಡರಷ್ಟಾಗುತ್ತದೆ. ಈ ಉಪದೇಶವನ್ನು ಪರಿಸರದ ದೃಷ್ಟಿಯಿಂದ ಖಂಡಿಸುವುದು ಸುಲಭ. ಆದರೆ ಹಣ ಹೂಡುವವನ ದೃಷ್ಟಿಯಿಂದಲೇ ಪರಿಶೀಲಿಸಿದರೂ ಅದು ನಿಲ್ಲುವುದಿಲ್ಲ ಎಂಬುದನ್ನು ಮೊದಲು ಮನಗಾಣಬೇಕು.

ಹೆದ್ದಾರಿಯ ಪಕ್ಕ ಎಂದರೇನು?

ಹಳೆಯ ಬೆಂಗಳೂರು–ಮೈಸೂರು ರಸ್ತೆಯು ಊರುಗಳ ನಡುವೆ ಹಾಯುತ್ತಿತ್ತು. ಬಸ್ಸು ನಿಂತಲ್ಲಿ ಅಂಗಡಿ, ಅಂಗಡಿ ಇದ್ದಲ್ಲಿ ವ್ಯಾಪಾರ, ವ್ಯಾಪಾರವಿದ್ದಲ್ಲಿ ಬಾಡಿಗೆ. ಮದ್ದೂರು ವಡೆಯ ಕೀರ್ತಿಯೂ ಚನ್ನಪಟ್ಟಣದ ಬೊಂಬೆಯ ಮಾರಾಟವೂ ಬೆಳೆದದ್ದು ಈ ಬಗೆಯಲ್ಲಿ. ಹೊಸ ಹೆದ್ದಾರಿಯ ಸ್ವಭಾವವೇ ಬೇರೆ. ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿಯೋ ಮೇಲೆ ಹಾರಿಯೋ ಹೋಗುತ್ತದೆ. ಇಕ್ಕೆಲಗಳಲ್ಲಿ ಬೇಲಿಯಿದೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳ ಸಂಚಾರವನ್ನು ನಿಷೇಧಿಸಲಾಗಿದೆ. ಅಂದಮೇಲೆ ಬೇಲಿಯ ಆಚೆಗಿನ ನಿವೇಶನಕ್ಕೆ ಹೆದ್ದಾರಿ ಕಾಣುತ್ತದೆಯೇ ಹೊರತು ದೊರೆಯುವುದಿಲ್ಲ. ದ್ವಿಚಕ್ರ ವಾಹನದಲ್ಲಿ ಕೆಲಸಕ್ಕೆ ಹೋಗುವ ಬಾಡಿಗೆದಾರನಿಗೆ ಪ್ರಯೋಜನಕ್ಕೆ ಬರುವುದು ಸರ್ವಿಸ್ ರಸ್ತೆ ಮತ್ತು ರೈಲು ನಿಲ್ದಾಣ, ದಶಪಥವಲ್ಲ.

ನಕ್ಷೆಯ ಮೇಲಿನ ಗೆರೆಯನ್ನು ನಂಬಿ ಕೆಟ್ಟ ಉದಾಹರಣೆಯೂ ಇದೇ ದಾರಿಯಲ್ಲಿದೆ. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಯೋಜನೆಯ ಒಪ್ಪಂದಕ್ಕೆ ಸಹಿ ಬಿದ್ದದ್ದು 1997ರಲ್ಲಿ. ವೇಗದ ರಸ್ತೆಯೊಂದಿಗೆ ಐದು ಉಪನಗರಗಳನ್ನು ಕಟ್ಟುವುದಾಗಿ, ಅದಕ್ಕಾಗಿ 20 ಸಾವಿರಕ್ಕೂ ಹೆಚ್ಚು ಎಕರೆ ಭೂಮಿ ಬೇಕೆಂದು ಹೇಳಲಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಯೋಜನೆಯನ್ನು ಎತ್ತಿಹಿಡಿಯಿತು. ಆದರೂ ಕಾಲು ಶತಮಾನ ಕಳೆದ ಮೇಲೆ ಕಾಣುವುದು ಬೆಂಗಳೂರಿನ ಸುತ್ತಣ ರಸ್ತೆಗಳು ಮಾತ್ರ. ಮೈಸೂರನ್ನು ಆ ರಸ್ತೆ ಮುಟ್ಟಲಿಲ್ಲ. ಭೂಸ್ವಾಧೀನದ ಅಧಿಸೂಚನೆಗೆ ಸಿಕ್ಕಿದ ಜಮೀನನ್ನು ಮಾರಲೂ ಆಗದು, ಅದರ ಮೇಲೆ ಸಾಲ ಪಡೆಯಲೂ ಆಗದು. ಭವಿಷ್ಯದ ರಸ್ತೆಯನ್ನು ತೋರಿಸಿ ಇಂದಿನ ಬೆಲೆಯನ್ನು ಕೇಳುವವರ ಮುಂದೆ ಈ ಇತಿಹಾಸವನ್ನು ನೆನೆಯುವುದು ಒಳಿತು.

ಬಾಡಿಗೆಯ ಲೆಕ್ಕ

ನಿವೇಶನ ಬೇಡ, ಮನೆ ಕಟ್ಟಿ ಬಾಡಿಗೆಗೆ ಕೊಡೋಣ ಎನ್ನುವವರೂ ಉಂಟು. ಅವರು ಕಾಗದದ ಮೇಲೆ ಒಂದು ಲೆಕ್ಕವನ್ನು ಬರೆದು ನೋಡಬೇಕು. ಉದಾಹರಣೆಗೆ, ಸಣ್ಣ ಪಟ್ಟಣವೊಂದರಲ್ಲಿ 40 ಲಕ್ಷ ರೂಪಾಯಿಗೆ ಒಂದು ಮನೆಯನ್ನು ಕೊಂಡು, ತಿಂಗಳಿಗೆ 8,000 ರೂಪಾಯಿ ಬಾಡಿಗೆ ಬಂದಿತೆಂದು ಭಾವಿಸೋಣ. ವರ್ಷಕ್ಕೆ 96,000 ರೂಪಾಯಿ. ಹೂಡಿದ ಹಣದ ಶೇಕಡಾ 2.4. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಉಳಿದರೆ, ಸುಣ್ಣಬಣ್ಣ, ಕೊಳಾಯಿ, ಕಂದಾಯಗಳಿಗೆ ಒಂದಿಷ್ಟು ತೆಗೆದರೆ, ಉಳಿಯುವುದು ಶೇಕಡಾ ಎರಡರ ಆಸುಪಾಸು. ಅದೇ ಹಣ ಬ್ಯಾಂಕಿನ ಠೇವಣಿಯಲ್ಲಿ ಶೇಕಡಾ ಆರೂವರೆಯಂತೆ ಇದ್ದರೆ ವರ್ಷಕ್ಕೆ 2,60,000 ರೂಪಾಯಿ ತರುತ್ತಿತ್ತು. ಸಾಲ ಮಾಡಿ ಕೊಂಡವನ ಪಾಡು ಇನ್ನೂ ಕಷ್ಟ. ಶೇಕಡಾ ಎಂಟರ ಬಡ್ಡಿ ತೆತ್ತು ಶೇಕಡಾ ಎರಡರ ಬಾಡಿಗೆ ಪಡೆಯುವುದು ಒಡೆದ ಕೊಡದಲ್ಲಿ ನೀರು ಹೊತ್ತಂತೆ.

ಕೊಳ್ಳುವಾಗಿನ ಖರ್ಚನ್ನೂ ಮರೆಯಬಾರದು. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವು ಶೇಕಡಾ ಒಂದರಿಂದ ಎರಡಕ್ಕೆ ಏರಿತು. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಮತ್ತು ಅಧಿಭಾರ ಸೇರಿದರೆ ಒಟ್ಟು ಏಳೂವರೆ ಪ್ರತಿಶತವನ್ನು ಮೀರುತ್ತದೆ. ಮೇಲಿನ ಮನೆಗೆ ಇದು ಮೂರು ಲಕ್ಷ ರೂಪಾಯಿ, ಅಂದರೆ ಮೂರು ವರ್ಷಗಳ ಬಾಡಿಗೆಗಿಂತ ಅಧಿಕ. ಹೀಗಿದ್ದೂ ಜನ ಕೊಳ್ಳುವುದೇಕೆ? ಬಾಡಿಗೆಯ ಆಸೆಯಿಂದಲ್ಲ, ಬೆಲೆ ಏರುತ್ತದೆಂಬ ನಂಬಿಕೆಯಿಂದ. ಬೆಲೆ ಏರಲು ನಾಳೆ ಇನ್ನೊಬ್ಬನು ಇದೇ ನಂಬಿಕೆಯಿಂದ ಬರಬೇಕು. ಅವನು ಬಾರದ ದಿನ ಉಳಿಯುವುದು ಕಲ್ಲು ಮತ್ತು ಪಾರ್ಥೇನಿಯಂ ಗಿಡ.

ಬಾಡಿಗೆ ನಿಜವಾಗಿ ಹುಟ್ಟುವುದು ಕೆಲಸವಿರುವಲ್ಲಿ. ಗೆಜ್ಜಲಗೆರೆ, ಸೋಮನಹಳ್ಳಿಗಳ ಕೈಗಾರಿಕಾ ಪ್ರದೇಶಗಳಿಗೆ ಬರುವ ದುಡಿಯುವ ಜನರಿಗೆ, ಶಾಲೆ ಆಸ್ಪತ್ರೆಗಳ ನೌಕರರಿಗೆ, ಓದುವ ಮಕ್ಕಳಿಗೆ ಬೇಕಾಗಿರುವುದು ಪೇಟೆಗೆ ನಡೆದು ಹೋಗುವಷ್ಟು ಹತ್ತಿರದ, ನೀರು ಮತ್ತು ಶೌಚಾಲಯವುಳ್ಳ ಎರಡು ಕೋಣೆಯ ಮನೆ. ಗದ್ದೆಯ ನಡುವಿನ ಬಡಾವಣೆಯಲ್ಲ. ಊರೊಳಗೆ ಬೀಗ ಹಾಕಿದ ಹಳೆಯ ತೊಟ್ಟಿಮನೆ, ಮಾಡು ಕುಸಿದ ನಾಡಹೆಂಚಿನ ಮನೆಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟರೆ ಹೂಡಿಕೆ ಕಡಮೆ, ಜಾಗದ ಬೆಲೆ ತೆರಬೇಕಿಲ್ಲ, ಒಂದು ಗುಂಟೆ ಗದ್ದೆಯೂ ಹಾಳಾಗದು.

ಕೊಡುವವನೂ ಪಡೆಯುವವನೂ ಕರಾರನ್ನು ಬಾಯಿಮಾತಿಗೆ ಬಿಡಬಾರದು. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ಕರಾರಿನ ವಾಡಿಕೆ ಹುಟ್ಟಿದ್ದು ಇದನ್ನು ತಪ್ಪಿಸಲಿಕ್ಕೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಬೇಕೆಂದು ಸೂಚಿಸಿದೆ. ಭೋಗ್ಯಕ್ಕೆ ಮನೆ ಹಿಡಿಯುವವರು ಹೆಚ್ಚು ಎಚ್ಚರ ವಹಿಸಬೇಕು. ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ, ಹಲವು ಲಕ್ಷಗಳ ಭೋಗ್ಯದ ಹಣವನ್ನು ಕೊಟ್ಟವನು ಬೀದಿಗೆ ಬೀಳುತ್ತಾನೆ. ಋಣಭಾರ ಪತ್ರವನ್ನು ನೋಡದೆ ಭೋಗ್ಯದ ಹಣವನ್ನು ಕೈಬಿಡಬಾರದು.

ಕಾಗದಪತ್ರಗಳು ಹೇಳುವ ಸತ್ಯ

ಎಲ್ಲ ವಿಚಾರಿಸಿಯೂ ಕೊಳ್ಳಲೇಬೇಕೆಂದಿರುವವರು ಬಣ್ಣದ ಕರಪತ್ರವನ್ನು ಬದಿಗಿಟ್ಟು ದಾಖಲೆಗಳನ್ನು ಓದಬೇಕು. ಪಹಣಿಯಲ್ಲಿ ಭೂಮಿಯ ಬಗೆ ಏನು, ತರಿಯೋ ಖುಷ್ಕಿಯೋ? ಭೂಕಂದಾಯ ಕಾಯಿದೆಯ 95ನೆಯ ಕಲಮಿನನ್ವಯ ಪರಿವರ್ತನೆಯಾಗಿದೆಯೇ? ಪರಿವರ್ತನೆಯಿಲ್ಲದೆ ಕಲ್ಲು ನೆಟ್ಟ ರೆವಿನ್ಯೂ ನಿವೇಶನವು ಕಡಮೆ ಬೆಲೆಗೆ ಸಿಗುವುದು ಅದರ ದೋಷದಿಂದಲೇ. ಗ್ರಾಮ ಪಂಚಾಯಿತಿಯ ವ್ಯಾಪ್ತಿಯ ಸ್ವತ್ತಿಗೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಇವೆಯೇ ಎಂದು ನೋಡಬೇಕು.

500 ಚದರ ಮೀಟರು, ಅಂದರೆ ಐದು ಗುಂಟೆಗೂ ತುಸು ಕಡಮೆ. ಅದಕ್ಕಿಂತ ದೊಡ್ಡ ಜಾಗದಲ್ಲಿ ಯೋಜನಾ ಪ್ರದೇಶದೊಳಗೆ ಬಡಾವಣೆ ಮಾಡಿ ಮಾರುವವರು 2016ರ ರಿಯಲ್ ಎಸ್ಟೇಟ್ ಕಾಯಿದೆಯಡಿ ರೇರಾದಲ್ಲಿ ನೋಂದಾಯಿಸಬೇಕು. ಕೊಳ್ಳುವವರಿಂದ ಬಂದ ಹಣದ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿರಿಸಿ ಅದೇ ಯೋಜನೆಗೆ ಬಳಸಬೇಕು. ನೋಂದಣಿ ಸಂಖ್ಯೆಯಿಲ್ಲದ ಜಾಹೀರಾತನ್ನು ನಂಬಲಾಗದು.

ಮಂಡ್ಯದಂತಹ ಸೀಮೆಯಲ್ಲಿ ಇನ್ನೆರಡು ಸಂಗತಿಗಳು ಮುಖ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯಿದೆ ನಿಷೇಧಿಸುತ್ತದೆ. ಅಂತಹ ಭೂಮಿಯನ್ನು ಮರಳಿ ಕೇಳಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಇದು ಕೊಳ್ಳುವವನಿಗೆ ಎಚ್ಚರಿಕೆ, ಭೂಮಿ ಕಳೆದುಕೊಂಡ ಕುಟುಂಬಕ್ಕೆ ನ್ಯಾಯ. ಎರಡನೆಯದು ಹೆಣ್ಣುಮಕ್ಕಳ ಪಾಲು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಪಿತ್ರಾರ್ಜಿತದ ಸಮಪಾಲುದಾರಳು. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ದೃಢಪಡಿಸಿತು. ಅಣ್ಣತಮ್ಮಂದಿರ ಸಹಿ ಮಾತ್ರವಿರುವ ಕ್ರಯಪತ್ರವು ಅಕ್ಕತಂಗಿಯರ ದಾವೆಗೆ ಆಹ್ವಾನ.

ಉಳುವವನು ಮತ್ತೆ ಕೂಲಿ

ಕಾಗದಗಳು ಸರಿಯಿದ್ದಮಾತ್ರಕ್ಕೆ ವ್ಯವಹಾರ ಸರಿಯಾದುದೆಂದು ಹೇಳಲಾಗದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ದೇವರಾಜ ಅರಸರ ಕಾಲದಲ್ಲಿ ಗೇಣಿದಾರರು ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಸಲ್ಲಿಸಿ ಒಡೆಯರಾದರು. ಐವತ್ತು ವರ್ಷಗಳ ನಂತರ ಆಗುತ್ತಿರುವುದೇನು? ಪಟ್ಟಣದವನು ಎರಡು ಎಕರೆ ಕೊಂಡು ಬೇಲಿ ಹಾಕುತ್ತಾನೆ. ಬೆಲೆ ಏರುವವರೆಗೆ ನೋಡಿಕೊಳ್ಳಲೆಂದು ಮಾರಿದ ರೈತನನ್ನೇ ಬಾಯಿಮಾತಿನ ವಾರಕ್ಕೋ ತಿಂಗಳ ಸಂಬಳಕ್ಕೋ ಇಟ್ಟುಕೊಳ್ಳುತ್ತಾನೆ. ಕಾನೂನು ಅಳಿಸಿದ ಗೇಣಿದಾರನು ಕಾವಲುಗಾರನ ವೇಷದಲ್ಲಿ ಹಿಂದಿರುಗಿದ್ದಾನೆ. ಮಾರಿದ ಹಣವು ಮದುವೆ, ಮನೆ, ಸಾಲ, ವಾಹನಗಳಲ್ಲಿ ಕರಗಿದ ಮೇಲೆ ಅವನ ಮಗನಿಗೆ ಉಳಿಯುವುದು ಏನು?

ರೈತನು ಮಾರುವುದು ದುರಾಸೆಯಿಂದ ಎಂಬ ಮಾತು ಅನ್ಯಾಯದ್ದು. ಕಬ್ಬಿನ ಬಾಕಿ ಹಣ, ನಾಲೆಯ ನೀರಿನ ಅನಿಶ್ಚಯ, ಕೂಲಿಯ ಕೊರತೆ, ಪಾಲುಪಾರಿಕತ್ತಿನಿಂದ ಚೂರಾದ ಹಿಡುವಳಿ, ಇವೆಲ್ಲ ಅವನನ್ನು ದಲ್ಲಾಳಿಯ ಮನೆಬಾಗಿಲಿಗೆ ತಳ್ಳುತ್ತವೆ. ಆದುದರಿಂದ ಭೂಮಿ ಉಳಿಸಿಕೋ ಎಂದು ಅವನಿಗೆ ಬುದ್ಧಿ ಹೇಳುವವರು ಬೆಳೆಗೆ ಬೆಲೆ ಕೇಳುವ ಹೋರಾಟದಲ್ಲಿಯೂ ಅವನ ಜೊತೆ ನಿಲ್ಲಬೇಕು.

ನೀರಿನ ಹಾದಿ, ಬೆಟ್ಟದ ಪಾಡು

ಒಂದು ಎಕರೆಯಲ್ಲಿ ರಸ್ತೆ, ಚರಂಡಿಗಳನ್ನು ಬಿಟ್ಟರೆ 1,200 ಚದರಡಿಯ ಸುಮಾರು ಇಪ್ಪತ್ತು ನಿವೇಶನಗಳಾಗುತ್ತವೆ. ಆ ಎಕರೆ ಬಯಲಿನ ನಡುವೆ ಇದ್ದರೆ ನಷ್ಟ ಒಂದು ಎಕರೆಗೆ ನಿಲ್ಲುವುದಿಲ್ಲ. ಗದ್ದೆಯಿಂದ ಗದ್ದೆಗೆ ಹರಿಯುವ ನೀರು ಅಲ್ಲಿ ನಿಲ್ಲುತ್ತದೆ. ಮೇಲಿನ ಗದ್ದೆ ಜೌಗಾಗುತ್ತದೆ, ಕೆಳಗಿನ ಗದ್ದೆ ಒಣಗುತ್ತದೆ. ಬಸಿಗಾಲುವೆ ಮುಚ್ಚಿದ ಮೇಲೆ ಕೆಳಗಿನವನೂ ಮಾರುತ್ತಾನೆ. ಕನ್ನಂಬಾಡಿ ಕಟ್ಟೆ ಮತ್ತು ವಿಶ್ವೇಶ್ವರಯ್ಯ ನಾಲೆಗಾಗಿ ಈ ನಾಡು ದಶಕಗಳ ಕಾಲ ಹಣ ಮತ್ತು ಬೆವರು ಸುರಿಸಿ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲನ್ನು ಹಸಿರಾಗಿಸಿತು. ಆ ಸಾರ್ವಜನಿಕ ಹೂಡಿಕೆಯನ್ನು ಕೆಲವರ ಖಾಸಗಿ ಹೂಡಿಕೆಗಾಗಿ ಮಣ್ಣಿನಡಿ ಹೂಳುವುದು ಯಾವ ಅರ್ಥಶಾಸ್ತ್ರ?

ಈ ಬಯಲಿನ ಕಥೆ ಬೆಟ್ಟದ ಜನಕ್ಕೆ ಏಕೆ ಎಂದು ಕೇಳುವವರಿರಬಹುದು. ಬಡಾವಣೆಯ ರಸ್ತೆಗೆ ಬೀಳುವ ಜಲ್ಲಿ ಬೆಟ್ಟದ್ದು, ಗೋಡೆಯ ಗಾರೆಗೆ ಬೆರೆಯುವ ಎಂ-ಸ್ಯಾಂಡೂ ಬೆಟ್ಟದ ಕಲ್ಲನ್ನು ಪುಡಿಮಾಡಿದ್ದು. ಪಾಂಡವಪುರದ ಬೇಬಿ ಬೆಟ್ಟದ ಸಿಡಿತವು ಕೃಷ್ಣರಾಜಸಾಗರದ ಕಟ್ಟೆಗೇ ಆತಂಕ ತಂದಿತ್ತು. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಯಾರೂ ವಾಸಿಸದ ನಿವೇಶನಕ್ಕಾಗಿ ಬೆಟ್ಟ ಕರಗುತ್ತದೆ, ನದಿ ಮರಳು ಕಳೆದುಕೊಳ್ಳುತ್ತದೆ, ಗದ್ದೆ ಹೂಳಲ್ಪಡುತ್ತದೆ.

ಮದ್ದೂರು ತಾಲ್ಲೂಕಿನಲ್ಲಿಯೇ ಬೇರೊಂದು ಮಾದರಿಯೂ ಇದೆ. ಕೊಕ್ಕರೆ ಬೆಳ್ಳೂರಿನ ಜನರು ತಮ್ಮ ಹಿತ್ತಿಲಿನ ಹುಣಸೆ, ಅತ್ತಿ, ಆಲದ ಮರಗಳನ್ನು ಹೆಜ್ಜಾರ್ಲೆಗೂ ಬಣ್ಣದ ಕೊಕ್ಕರೆಗೂ ಬಿಟ್ಟುಕೊಟ್ಟಿದ್ದಾರೆ. ಹುಣಸೆಯ ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆಯಿಂದ ಬರುವುದು ಸಣ್ಣ ಮೊತ್ತ. ಆದರೂ ಆ ಮರಗಳು ನಿಂತಿವೆ. ಆ ಹಕ್ಕಿಗಳಿಗೆ ಮೀನು ಕೊಡುವುದು ಶಿಂಷೆ ಮತ್ತು ಸುತ್ತಣ ಕೆರೆಗಳು. ನೆಲದ ಬೆಲೆಯನ್ನು ಅಳೆಯಲು ಚದರಡಿಯೊಂದೇ ಅಳತೆಗೋಲಲ್ಲ ಎಂಬುದನ್ನು ಆ ಊರು ತೋರಿಸಿಕೊಟ್ಟಿದೆ.

ಆಗಬೇಕಾದುದು

ಅಚ್ಚುಕಟ್ಟು ಪ್ರದೇಶದ ತರಿ ಭೂಮಿಯ ಪರಿವರ್ತನೆಗೆ ಅರ್ಜಿ ಬಂದಾಗ ಗ್ರಾಮಸಭೆಯ ಅಭಿಪ್ರಾಯವನ್ನು ಕೇಳಬೇಕು. ಯಾವ ಕಾಲುವೆ, ಯಾವ ಬಸಿಗಾಲುವೆ ಮುಚ್ಚುತ್ತದೆಂಬುದನ್ನು ನಕ್ಷೆಯಲ್ಲಿ ಗುರುತಿಸದೆ ಅನುಮತಿ ನೀಡಬಾರದು. ಪರಿವರ್ತನೆಗೊಂಡು ವರ್ಷಗಟ್ಟಲೆ ಖಾಲಿ ಬಿದ್ದ ನಿವೇಶನಕ್ಕೆ ಹೆಚ್ಚಿನ ಕಂದಾಯ ವಿಧಿಸಬೇಕು. ಊರೊಳಗಿನ ಹಳೆಯ ಮನೆಗಳ ದುರಸ್ತಿಗೆ ಬ್ಯಾಂಕುಗಳು ಸುಲಭ ಸಾಲ ಕೊಡಬೇಕು. ಪಂಚಾಯಿತಿಗಳು ದುಡಿಯುವವರಿಗೆಂದು ಬಾಡಿಗೆ ಮನೆಗಳನ್ನು ಕಟ್ಟುವ ಯೋಜನೆ ಹಾಕಬೇಕು.

ಹಣ ಹೂಡುವವರಿಗೆ ಕಡೆಯ ಮಾತು ಇಷ್ಟೆ. ವಾಸಕ್ಕೆ ಒಂದು ಮನೆ ಬೇಕು, ಅದು ಎಲ್ಲರ ಹಕ್ಕು. ಬಾಡಿಗೆಗೆ ಇನ್ನೊಂದು ಮನೆಯಿದ್ದರೆ ಅದು ನಾಲ್ಕು ಜನಕ್ಕೆ ನೆರಳಾಗಲಿ. ಆದರೆ ಅನ್ನ ಬೆಳೆಯುವ ಗದ್ದೆಯನ್ನು ಠೇವಣಿ ಪತ್ರದಂತೆ ಮಡಿಸಿ ಪೆಟ್ಟಿಗೆಯಲ್ಲಿಡುವುದು ಲಾಭದ ಲೆಕ್ಕದಲ್ಲಿಯೂ ಗೆಲ್ಲದು, ಧರ್ಮದ ಲೆಕ್ಕದಲ್ಲಿಯೂ ನಿಲ್ಲದು. ವೈದ್ಯನಾಥನೆಂದರೆ ವೈದ್ಯರ ಒಡೆಯ. ಅವನ ಊರಿನ ಸುತ್ತಣ ಬಯಲಿಗೆ ತಗುಲುತ್ತಿರುವ ಈ ರೋಗಕ್ಕೆ ಮದ್ದು ಗುಡಿಯೊಳಗಿಲ್ಲ. ಅದು ಮಾರುವವರ, ಕೊಳ್ಳುವವರ ಮತ್ತು ಅನುಮತಿಗೆ ಸಹಿ ಹಾಕುವವರ ಕೈಯಲ್ಲಿದೆ.