ಗದ್ದಲದ ಮರೆಯಲ್ಲಿ ಏರುವ ಸಂಬಳ

ನಮ್ಮ ಶಾಸನಸಭೆಯಲ್ಲಿ ಆಡಳಿತ ಪಕ್ಷ ಮತ್ತು ವಿರೋಧ ಪಕ್ಷಗಳು ಒಮ್ಮತಕ್ಕೆ ಬರುವ ವಿಷಯಗಳು ತೀರಾ ವಿರಳ. ಬರ ಬಂದಾಗಲೂ ಅವುಗಳ ನಡುವೆ ಒಮ್ಮತವಿರುವುದಿಲ್ಲ, ನೆರೆ ಬಂದಾಗಲೂ ಇರುವುದಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಈ ಭಿನ್ನಮತ ಹೇಗೋ ಕರಗಿಹೋಗುತ್ತದೆ. ಅದು ಶಾಸಕರ ಸಂಬಳ.

2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆಯಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ಸರಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪ್ರವರ್ಗ 2ಬಿ, ಅರ್ಥಾತ್ ಮುಸ್ಲಿಮರಿಗೆ ಶೇಕಡಾ 4ರ ಮೀಸಲಾತಿ ನೀಡುವ ಮಸೂದೆಯ ವಿರುದ್ಧ ಬಿಜೆಪಿ ಸದಸ್ಯರು ಸಭಾಧ್ಯಕ್ಷರ ಪೀಠದವರೆಗೆ ನುಗ್ಗಿದರು, ಕಾಗದಗಳನ್ನು ಹರಿದೆಸೆದರು. ಹನಿಟ್ರ್ಯಾಪ್ ಆರೋಪದ ಕೋಲಾಹಲವೂ ಜೊತೆಗಿತ್ತು. 18 ಮಂದಿ ಶಾಸಕರನ್ನು ಆರು ತಿಂಗಳ ಕಾಲ ಅಮಾನತುಗೊಳಿಸಲಾಯಿತು. ಅದೇ ಗದ್ದಲದ ನಡುವೆ, ಯಾವ ಚರ್ಚೆಯೂ ಇಲ್ಲದೆ, ಸಂಬಳ ಏರಿಕೆಯ ಎರಡು ಮಸೂದೆಗಳು ಅಂಗೀಕಾರವಾದವು. ಮುಖ್ಯಮಂತ್ರಿಯ ಮಾಸಿಕ ಸಂಬಳ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಸಚಿವರದ್ದು 60 ಸಾವಿರದಿಂದ 1.25 ಲಕ್ಷಕ್ಕೆ, ಶಾಸಕರದ್ದು 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಭತ್ಯೆಗಳ ಲೆಕ್ಕ ಬೇರೆಯೇ ಇದೆ. ಮರುದಿನ ನಾಡಿನ ಚಹಾದಂಗಡಿಗಳಲ್ಲಿ ಚರ್ಚೆಯಾದದ್ದು ಮುಸ್ಲಿಮರ ಶೇಕಡಾ 4ರ ಬಗ್ಗೆ. ಶಾಸಕರ ಶೇಕಡಾ 100ರ ಬಗ್ಗೆ ಮಾತನಾಡಿದವರು ಕಡಿಮೆ.

ಇದು ಕಾಂಗ್ರೆಸ್ ಸರಕಾರದ ಕಥೆಯಾಯಿತು. ಬಿಜೆಪಿ ಸರಕಾರದ ಕಥೆ ಇದಕ್ಕಿಂತ ಭಿನ್ನವೇನಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬ್ ತೊಟ್ಟ ನಮ್ಮ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಲಾಗಿತ್ತು. ಕೆ.ಎಸ್. ಈಶ್ವರಪ್ಪನವರು ಕೆಂಪುಕೋಟೆ ಮತ್ತು ಕೇಸರಿ ಧ್ವಜದ ಬಗ್ಗೆ ಆಡಿದ ಮಾತನ್ನು ಖಂಡಿಸಿ ಕಾಂಗ್ರೆಸ್ ಸದಸ್ಯರು ಸದನದಲ್ಲಿ ಧರಣಿ ಕುಳಿತಿದ್ದರು. ಆ ಧರಣಿಯ ನಡುವೆಯೇ ಬೊಮ್ಮಾಯಿ ಸರಕಾರ ಚರ್ಚೆಯಿಲ್ಲದೆ ಶಾಸಕರ ಸಂಬಳವನ್ನು 25 ಸಾವಿರದಿಂದ 40 ಸಾವಿರಕ್ಕೆ ಏರಿಸಿಕೊಂಡಿತು. ಮೂರು ವರ್ಷಗಳಲ್ಲಿ ಎರಡು ಬಾರಿ, ಎರಡು ಪಕ್ಷಗಳ ಆಳ್ವಿಕೆಯಲ್ಲಿ, ಒಂದೇ ಬಗೆಯ ಗದ್ದಲದಲ್ಲಿ ಒಂದೇ ಬಗೆಯ ಏರಿಕೆ! ಇದು ಸಂಚು ಎಂದು ನಾವು ಆರೋಪಿಸುತ್ತಿಲ್ಲ. ಸಂಚಿನ ಅಗತ್ಯವೇ ಅಲ್ಲಿರಲಿಲ್ಲ. ಮುಸ್ಲಿಮರ ಹೆಸರಿನಲ್ಲಿ ಬೆಂಕಿ ಹೊತ್ತಿಸಿದರೆ ಹೊಗೆ ತಾನಾಗಿಯೇ ಏಳುತ್ತದೆ. ಆ ಹೊಗೆಯಲ್ಲಿ ಯಾರ ಕೈ ಯಾವ ಖಜಾನೆಯಲ್ಲಿದೆಯೆಂಬುದು ಯಾರಿಗೂ ಕಾಣಿಸುವುದಿಲ್ಲ.

ಇದೇ ತಿಂಗಳ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2025ರ ಮಾರ್ಚ್ 7ರಂದು ಮಂಡನೆಯಾದ ಬಜೆಟ್‌ನಲ್ಲಿ ಜೈನ ಅರ್ಚಕರು, ಸಿಖ್ಖರ ಮುಖ್ಯ ಗ್ರಂಥಿಗಳು ಮತ್ತು ಮಸೀದಿಗಳ ಪೇಶ್ ಇಮಾಮರ ಮಾಸಿಕ ಗೌರವಧನವನ್ನು 6 ಸಾವಿರ ರೂಪಾಯಿಗೆ, ಮುಅಝ್ಝಿನ್‌ಗಳದ್ದನ್ನು 5 ಸಾವಿರಕ್ಕೆ ಏರಿಸಲಾಯಿತು. ಅದನ್ನು ಬಿಜೆಪಿ 'ಹಲಾಲ್ ಬಜೆಟ್' ಎಂದು ಜರೆಯಿತು. ಜೈನರನ್ನೂ ಸಿಖ್ಖರನ್ನೂ ಯಾರೂ ಹೆಸರಿಸಲಿಲ್ಲ. ಎರಡು ವಾರ ಕಳೆದು ಶಾಸಕರ ಸಂಬಳ ಇಮ್ಮಡಿಯಾದಾಗ ಅದಕ್ಕೆ ಯಾವ ಅಡ್ಡಹೆಸರೂ ಬೀಳಲಿಲ್ಲ. ದಿನಕ್ಕೆ ಐದು ಹೊತ್ತು ನಮಾಝಿಗೆ ನಿಲ್ಲುವ ಇಮಾಮರ ತಿಂಗಳ 6 ಸಾವಿರ ಈ ನಾಡಿಗೆ ಹೊರೆಯಾಗಿ ಕಂಡಿತು; ಶಾಸಕರ ಹೆಚ್ಚುವರಿ 40 ಸಾವಿರ ಕಾಣಲೇ ಇಲ್ಲ.

ಉಳಿದವರ ಸಂಬಳ ಏರುವ ಬಗೆ ಹೇಗಿರುತ್ತದೆ? ರಾಜ್ಯ ಸರಕಾರಿ ನೌಕರರಿಗಾಗಿ ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ವೇತನ ಆಯೋಗ 2022ರ ನವೆಂಬರ್‌ನಲ್ಲಿ ರಚನೆಯಾಯಿತು. ನೌಕರರು 2023ರ ಮಾರ್ಚ್ 1ರಂದು ಕೆಲಸ ನಿಲ್ಲಿಸಿದ ಬಳಿಕವಷ್ಟೇ ಶೇಕಡಾ 17ರ ಮಧ್ಯಂತರ ಪರಿಹಾರ ದೊರೆಯಿತು. ಆಯೋಗದ ವರದಿ ಬಂದದ್ದು 2024ರ ಮಾರ್ಚ್‌ನಲ್ಲಿ, ಜಾರಿಯಾದದ್ದು ಆಗಸ್ಟ್ 1ರಿಂದ. ಬಸ್ ನೌಕರರು ತಮಗೂ ಸರಕಾರಿ ನೌಕರರಿಗೆ ಸಮಾನವಾದ ವೇತನ ಬೇಕೆಂದು 2021ರ ಏಪ್ರಿಲ್ 7ರಿಂದ ಎರಡು ವಾರ ಮುಷ್ಕರ ಹೂಡಿದರು. ಅನೇಕರು ಅಮಾನತು, ವಜಾಗಳನ್ನು ಎದುರಿಸಿದರು. 38 ತಿಂಗಳ ವೇತನ ಬಾಕಿಗಾಗಿ 2025ರ ಆಗಸ್ಟ್ 5ರಂದು ಅವರು ಮತ್ತೆ ಬೀದಿಗಿಳಿಯಬೇಕಾಯಿತು. ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ನಾಲ್ಕು ದಿನ ಫ್ರೀಡಂ ಪಾರ್ಕಿನಲ್ಲಿ ಕುಳಿತು ಪಡೆದದ್ದು ತಿಂಗಳಿಗೆ 10 ಸಾವಿರದ ಭರವಸೆ. ಜಯನಗರ, ಬನಶಂಕರಿಯ ರಸ್ತೆಗಳು ಬೆಳಗಾಗುವ ಮುನ್ನ ಸ್ವಚ್ಛವಾಗಿರುವುದು ಪೌರಕಾರ್ಮಿಕ ಮಹಿಳೆಯರಿಂದ. ಅವರು ಕೆಲಸ ಕಾಯಂ ಆಗಬೇಕೆಂದು 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟರು; 12,692 ಮಂದಿಗೆ ನೇಮಕಾತಿ ಪತ್ರ ಕೈಸೇರಿದಾಗ 2025ರ ಮೇ ಬಂದಿತ್ತು. ಇವರಲ್ಲಿ ಯಾರೂ ತಮ್ಮ ಸಂಬಳವನ್ನು ತಾವೇ ಬರೆದುಕೊಳ್ಳುವಂತಿಲ್ಲ. ಆಯೋಗದ ಮುಂದೆ ಅಹವಾಲು ಹೇಳಬೇಕು, ಬಿಸಿಲಲ್ಲಿ ಕುಳಿತುಕೊಳ್ಳಬೇಕು, ಆಮೇಲೆ ಕಾಯಬೇಕು. ಶಾಸಕರಿಗೆ ಮಾತ್ರ ಒಂದು ಮಧ್ಯಾಹ್ನ ಸಾಕು.

ಶಾಸಕರ ಪರವಾಗಿಯೂ ಒಂದು ವಾದವಿದೆ, ಅದನ್ನು ನಿರ್ಲಕ್ಷಿಸುವುದು ನ್ಯಾಯವಲ್ಲ. ಬೆಲೆಗಳು ಏರಿವೆ, ಕ್ಷೇತ್ರದಲ್ಲಿ ಓಡಾಟದ ಖರ್ಚು ಏರಿದೆ, ಸಂಬಳವಿಲ್ಲದಿದ್ದರೆ ಸಿರಿವಂತರಷ್ಟೇ ಶಾಸಕರಾದಾರು ಎಂಬುದು ಆ ವಾದ. ತತ್ವದಲ್ಲಿ ಇದು ಸರಿಯೇ. ಆದರೆ ವಾಸ್ತವವೇನು? ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆಯು ಪ್ರಮಾಣಪತ್ರಗಳನ್ನು ಪರಿಶೀಲಿಸಿದಂತೆ, 2023ರಲ್ಲಿ ಗೆದ್ದ ನಮ್ಮ ಶಾಸಕರಲ್ಲಿ ಶೇಕಡಾ 97 ಮಂದಿ ಕೋಟ್ಯಧಿಪತಿಗಳು. ಬಡವನನ್ನು ವಿಧಾನಸೌಧಕ್ಕೆ ತರಲು ಈ ಸಂಬಳ ಈವರೆಗೆ ನೆರವಾಗಿಲ್ಲ. ಇನ್ನು ಮೊತ್ತದ ಮಾತು. ಈ ಏರಿಕೆಯಿಂದ ಬೊಕ್ಕಸಕ್ಕೆ ಬೀಳುವ ಹೆಚ್ಚುವರಿ ಹೊರೆ ವರ್ಷಕ್ಕೆ ಸುಮಾರು 62 ಕೋಟಿ ಎಂದು ಅಂದಾಜಿಸಲಾಗಿತ್ತು. 7ನೇ ವೇತನ ಆಯೋಗದ ಹೊರೆ 20 ಸಾವಿರ ಕೋಟಿಗೂ ಹೆಚ್ಚು. ಆದ್ದರಿಂದ ಪ್ರಶ್ನೆ ಹಣದ ಗಾತ್ರದ್ದಲ್ಲ, ಕ್ರಮದ್ದು. ಸಂವಿಧಾನದ 195ನೇ ವಿಧಿಯು ಶಾಸಕರ ಸಂಬಳವನ್ನು ಶಾಸಕಾಂಗವೇ ಕಾನೂನಿನ ಮೂಲಕ ನಿರ್ಧರಿಸಬೇಕೆಂದಿದೆ. ಗದ್ದಲದಲ್ಲಿ ಅಡಗಿ ನಿರ್ಧರಿಸಬೇಕೆಂದು ಅದು ಹೇಳಿಲ್ಲ.

ಆಡಳಿತಗಾರನ ಸಂಬಳದ ಬಗ್ಗೆ ನಮ್ಮ ಇತಿಹಾಸದಲ್ಲೊಂದು ಪ್ರಸಂಗವಿದೆ. ಮೊದಲ ಖಲೀಫರಾದ ಹಝ್ರತ್ ಅಬೂಬಕ್ಕರ್ ಸಿದ್ದೀಕ್(ರ) ಅಧಿಕಾರ ವಹಿಸಿಕೊಂಡ ಬಳಿಕವೂ ಎಂದಿನಂತೆ ಬಟ್ಟೆಯ ಗಂಟನ್ನು ಹೊತ್ತು ವ್ಯಾಪಾರಕ್ಕೆ ಹೊರಟಿದ್ದರು. ಹಝ್ರತ್ ಉಮರ್(ರ) ಮತ್ತು ಅಬೂ ಉಬೈದಾ(ರ) ಅವರನ್ನು ತಡೆದು, ಬೈತುಲ್‌ಮಾಲ್‌ನಿಂದ ಅವರ ಕುಟುಂಬಕ್ಕೆ ಸಾಲುವಷ್ಟು ಭತ್ಯೆ ಗೊತ್ತುಮಾಡಿಸಿದರೆಂದು ಚರಿತ್ರೆ ಹೇಳುತ್ತದೆ. ಆಡಳಿತಗಾರನಿಗೆ ಸಂಬಳ ಬೇಕೆಂಬುದು ಇಲ್ಲಿ ಒಪ್ಪಿತವಾಗಿದೆ. ಆದರೆ ಅದನ್ನು ಗೊತ್ತುಪಡಿಸಿದವರು ಬೇರೆಯವರು. ಈ ತತ್ವವನ್ನು ಒಪ್ಪಲು ಮುಸ್ಲಿಮನೇ ಆಗಿರಬೇಕಿಲ್ಲ.

ಜನರ ಸಿಟ್ಟು ಈಗ ಇನ್ನೊಂದು ಬೇಡಿಕೆಯ ರೂಪ ತಾಳುತ್ತಿದೆ. 'ಇಂತಹ ವಿಷಯಗಳನ್ನು ನೇರವಾಗಿ ಜನರ ಮುಂದಿಡಿ, ಜನಮತಗಣನೆ ಮಾಡಿ' ಎಂಬ ಮಾತು ನಮ್ಮ ವಿದ್ಯಾವಂತ ಯುವಕರ ಬಾಯಲ್ಲೂ ಕೇಳಿಬರುತ್ತಿದೆ. ಭಾರತದ ಸಂವಿಧಾನದಲ್ಲಿ ಜನಮತಗಣನೆಗೆ ಸ್ಥಾನವಿಲ್ಲ. ಗೋವಾ ಮಹಾರಾಷ್ಟ್ರದೊಂದಿಗೆ ವಿಲೀನವಾಗಬೇಕೇ ಎಂದು 1967ರ ಜನವರಿ 16ರಂದು ಜನರನ್ನು ಕೇಳಲಾಗಿತ್ತು, ಜನರು ಬೇಡವೆಂದರು. ಅಂತಹ ಉದಾಹರಣೆಗಳು ಬೆರಳೆಣಿಕೆಯಷ್ಟು. ಈ ಬೇಡಿಕೆಯನ್ನು ಮುಂದಿಡುವ ಮೊದಲು ಸ್ವಿಟ್ಜರ್ಲೆಂಡಿನತ್ತ ಒಮ್ಮೆ ನೋಡುವುದು ಒಳಿತು. ಅಲ್ಲಿ 2013ರ ಮಾರ್ಚ್ 3ರಂದು, ಕಂಪೆನಿಗಳ ಉನ್ನತಾಧಿಕಾರಿಗಳ ಮಿತಿಮೀರಿದ ಸಂಬಳಕ್ಕೆ ಕಡಿವಾಣ ಹಾಕುವ ಪ್ರಸ್ತಾಪವನ್ನು ಮತ ಚಲಾಯಿಸಿದ ಮೂವರಲ್ಲಿ ಇಬ್ಬರು ಬೆಂಬಲಿಸಿದರು. ಅದೇ ದೇಶದಲ್ಲಿ, ಅದೇ ವಿಧಾನದಿಂದ, 2009ರ ನವೆಂಬರ್ 29ರಂದು ಮಸೀದಿಗಳಿಗೆ ಮಿನಾರ ಕಟ್ಟುವುದನ್ನೇ ನಿಷೇಧಿಸಲಾಯಿತು. ಶೇಕಡಾ 57ರಷ್ಟು ಮತ ನಿಷೇಧದ ಪರ ಬಿತ್ತು. ಆಗ ಇಡೀ ದೇಶದಲ್ಲಿದ್ದ ಮಿನಾರಗಳು ಕೇವಲ ನಾಲ್ಕು.

ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟ. ಆಳುವವರ ಸಂಬಳವನ್ನು ಜನರ ತೀರ್ಪಿಗೆ ಬಿಡಬಹುದು, ಏಕೆಂದರೆ ಅದು ಜನರ ದುಡ್ಡು. ಅಲ್ಪಸಂಖ್ಯಾತನ ಉಡುಪು, ಆಹಾರ, ಆರಾಧನೆಗಳನ್ನು ಬಹುಮತದ ತೀರ್ಪಿಗೆ ಬಿಡಲಾಗದು, ಏಕೆಂದರೆ ಅದು ಬಹುಮತ ಕೊಟ್ಟ ಹಕ್ಕಲ್ಲ. ಸಿಟ್ಟಿನ ಭರದಲ್ಲಿ ಎಲ್ಲ ವಿಷಯಗಳಿಗೂ ಜನಮತಗಣನೆಯ ಬಾಗಿಲು ತೆರೆದರೆ, ಅದರೊಳಗಿಂದ ಮೊದಲು ಹೊರಬರುವ ಪ್ರಶ್ನೆ ಶಾಸಕರ ಸಂಬಳದ್ದಾಗಿರದು, ನಮ್ಮ ಮಕ್ಕಳ ತಲೆವಸ್ತ್ರದ್ದಾಗಿರುತ್ತದೆ.

ಹಾಗಾದರೆ ಪರಿಹಾರವೇನು? ಅಮೆರಿಕದ ಸಂವಿಧಾನಕ್ಕೆ 1992ರಲ್ಲಿ ಸೇರಿದ 27ನೇ ತಿದ್ದುಪಡಿಯು, ಸಂಸದರ ಸಂಬಳವನ್ನು ಬದಲಿಸುವ ಯಾವ ಕಾನೂನೂ ಒಂದು ಚುನಾವಣೆ ನಡೆಯುವವರೆಗೆ ಜಾರಿಗೆ ಬರಕೂಡದೆನ್ನುತ್ತದೆ. ಬ್ರಿಟನ್ನಿನಲ್ಲಿ ಸಂಸದರ ವೇತನವನ್ನು ಸ್ವತಂತ್ರ ಪ್ರಾಧಿಕಾರವೊಂದು ನಿರ್ಧರಿಸುತ್ತದೆ. ನಮ್ಮ ಸಂಸತ್ತೂ 2018ರಲ್ಲಿ ಸಂಸದರ ಸಂಬಳವನ್ನು ಹಣದುಬ್ಬರದ ಸೂಚ್ಯಂಕಕ್ಕೆ ಜೋಡಿಸಿದೆ. ಶಾಸಕರ ವೇತನಕ್ಕೆ ಸಂಬಂಧಿಸಿದ 1956ರ ನಮ್ಮ ರಾಜ್ಯದ ಕಾಯ್ದೆಯನ್ನು ತಿದ್ದಿ ಎರಡು ನಿಯಮಗಳನ್ನು ಸೇರಿಸಲು ಯಾವ ಅಡ್ಡಿಯೂ ಇಲ್ಲ. ಏರಿಕೆಯ ಶಿಫಾರಸು ಸ್ವತಂತ್ರ ಆಯೋಗದಿಂದ ಬರಲಿ. ಅಂಗೀಕರಿಸಿದ ಏರಿಕೆ ಮುಂದಿನ ವಿಧಾನಸಭೆಗೆ ಅನ್ವಯಿಸಲಿ. ಆಗ ಚುನಾವಣೆಯೇ ಜನಮತಗಣನೆಯಾಗುತ್ತದೆ. ಸಂಬಳ ಏರಿಸಿದವನು ಅದನ್ನು ಪಡೆಯುವ ಮೊದಲು ಮತದಾರನ ಮನೆಬಾಗಿಲಿಗೆ ಬರಲೇಬೇಕಾಗುತ್ತದೆ.

ಆದರೆ ಚುನಾವಣೆಯೇ ನಡೆಯದಿದ್ದರೆ? ದಕ್ಷಿಣ ಬೆಂಗಳೂರಿನ ನಿವಾಸಿಗಳಿಗೆ ಈ ಪ್ರಶ್ನೆಯ ಅರ್ಥವನ್ನು ವಿವರಿಸಬೇಕಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂಬುದು ಸಂವಿಧಾನದ 243-ಯು ವಿಧಿಯ ಆದೇಶ. 2025ರ ಸೆಪ್ಟೆಂಬರ್‌ಗೆ ಐದು ವರ್ಷ, ಅಂದರೆ ಒಂದು ಕೌನ್ಸಿಲಿನ ಸಂಪೂರ್ಣ ಅವಧಿ, ಆಡಳಿತಾಧಿಕಾರಿಗಳ ಕೈಯಲ್ಲೇ ಕಳೆದುಹೋಯಿತು. 198 ವಾರ್ಡುಗಳು 243 ಆದವು, ಮತ್ತೆ 225 ಆದವು. 2025ರ ಸೆಪ್ಟೆಂಬರ್ 2ರಂದು ಪಾಲಿಕೆಯೇ ಐದು ಹೋಳಾದ ಬಳಿಕ 369 ಆದವು. ವಾರ್ಡಿನ ಗಡಿ ಎಳೆಯುವುದರಲ್ಲಿಯೇ ಎರಡು ಪಕ್ಷಗಳ ಸರಕಾರಗಳು ಐದು ವರ್ಷ ಕಳೆದವು. ಈ ಅವಧಿಯಲ್ಲಿ ಮನೆ ತೆರಿಗೆಯ ವಸೂಲಿ ನಿಲ್ಲಲಿಲ್ಲ. ಹೆಬ್ಬಾಳದಿಂದ ಬಿ.ಟಿ.ಎಂ. ಬಡಾವಣೆಯ ಅಂಚಿನ ಸಿಲ್ಕ್ ಬೋರ್ಡ್‌ವರೆಗೆ 17 ಸಾವಿರ ಕೋಟಿಗೂ ಮಿಕ್ಕಿದ ಸುರಂಗ ರಸ್ತೆಯ ಯೋಜನೆ ಸಿದ್ಧವಾದದ್ದೂ ಕಾರ್ಪೊರೇಟರ್ ಒಬ್ಬನೂ ಇಲ್ಲದ ಕಾಲದಲ್ಲೇ. ಗುರಪ್ಪನಪಾಳ್ಯದಲ್ಲಿ ಚರಂಡಿ ಉಕ್ಕಿದರೆ, ಇಲ್ಯಾಸ್ ನಗರದಲ್ಲಿ ಬೀದಿದೀಪ ಕೆಟ್ಟರೆ ಯಾರ ಬಾಗಿಲು ತಟ್ಟಬೇಕು? ಶಾಸಕರದ್ದೇ. ಹೀಗಾಗಿ ಚುನಾವಣೆ ಮುಂದೂಡಿದಷ್ಟೂ ಶಾಸಕರ ಕೈ ಬಲವಾಗುತ್ತದೆ. ತಮ್ಮ ಸಂಬಳವನ್ನು ಒಂದೇ ಮಧ್ಯಾಹ್ನದಲ್ಲಿ ತೀರ್ಮಾನಿಸಬಲ್ಲ ಸದನಕ್ಕೆ, ನಗರದ ಜನರ ಮತದಾನದ ದಿನವನ್ನು ತೀರ್ಮಾನಿಸಲು ಐದು ವರ್ಷ ಸಾಲಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸಮುದಾಯಕ್ಕೂ ಎರಡು ಮಾತು ಹೇಳಬೇಕಾಗಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತ ಚಲಾಯಿಸಿದವರು ಸುಮಾರು ಶೇಕಡಾ 53. ಉಳಿದವರಲ್ಲಿ ನಮ್ಮವರೂ ಇದ್ದಾರೆ. 2023ರಲ್ಲಿ ಜಯನಗರ ವಿಧಾನಸಭಾ ಕ್ಷೇತ್ರದಲ್ಲಿ ಮರುಎಣಿಕೆಯ ಬಳಿಕ ಸಿ.ಕೆ. ರಾಮಮೂರ್ತಿಯವರು ಸೌಮ್ಯಾ ರೆಡ್ಡಿಯವರ ವಿರುದ್ಧ ಗೆದ್ದದ್ದು ಕೇವಲ 16 ಮತಗಳಿಂದ. ಹದಿನಾರು ಮತ ಎಂದರೆ ಒಂದು ದೊಡ್ಡ ಕುಟುಂಬ. ಯಾವ ಪಕ್ಷ ಗೆಲ್ಲಬೇಕಿತ್ತು ಎಂಬುದು ಇಲ್ಲಿಯ ವಿಷಯವಲ್ಲ. 'ನಮ್ಮ ಒಂದು ಮತದಿಂದ ಏನಾದೀತು' ಎಂದು ಮನೆಯಲ್ಲಿ ಕುಳಿತವನಿಗೆ, ಮರುದಿನ ಶಾಸಕರ ಸಂಬಳದ ಸುದ್ದಿ ಓದಿ ಸಿಟ್ಟಾಗುವ ನೈತಿಕ ಹಕ್ಕು ಎಷ್ಟಿದೆ?

ಎರಡನೆಯದಾಗಿ, ಸದನದಲ್ಲಿ ನಮ್ಮ ಹೆಸರು ಹಿಡಿದು ಕೂಗಾಟವೆದ್ದಾಗ ನಾವು ಆ ಕೂಗಿಗಷ್ಟೇ ಉತ್ತರಿಸುತ್ತಾ ಉಳಿಯುತ್ತೇವೆ. ಹಕ್ಕಿನ ಪ್ರಶ್ನೆ ಬಂದಾಗ ಉತ್ತರಿಸಲೇಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಅಂದು ಆ ಸದನದಲ್ಲಿ ಬೇರೆ ಯಾವ ಮಸೂದೆಗಳು ಅಂಗೀಕಾರವಾದವು ಎಂದು ಕೇಳುವ ಅಭ್ಯಾಸವನ್ನೂ ಬೆಳೆಸಿಕೊಳ್ಳಬೇಕು. ಆಶಾ ಕಾರ್ಯಕರ್ತೆ, ಬಸ್ ನಿರ್ವಾಹಕ, ಪೌರಕಾರ್ಮಿಕೆ ಬೀದಿಯಲ್ಲಿ ಕುಳಿತಾಗ ಅವರ ಬಳಿ ಹೋಗಿ ನಿಲ್ಲಬೇಕು. ಅನ್ಯಾಯವನ್ನು ನಮ್ಮ ಧರ್ಮದವನಿಗೆ ಆದಾಗಲಷ್ಟೇ ಗುರುತಿಸುವ ಸಮುದಾಯದ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. ಇನ್ನು ಮುಂದೆ ಯಾವುದೇ ಪಕ್ಷದ ಅಭ್ಯರ್ಥಿ ಮೊಹಲ್ಲಾಕ್ಕೆ ಬಂದು ಸಲಾಂ ಹೇಳಿದಾಗ, ಸಲಾಂ ಮರಳಿಸಿ ಒಂದು ಪ್ರಶ್ನೆ ಕೇಳೋಣ: ನಿಮ್ಮ ಸಂಬಳ ಏರಿಸುವ ಮಸೂದೆ ಮುಂದಿನ ಸಲ ಬಂದಾಗ, ನೀವು ಚರ್ಚೆಗೆ ಒತ್ತಾಯಿಸುವಿರಾ ಅಥವಾ ಗದ್ದಲ ಏಳುವುದನ್ನು ಕಾಯುವಿರಾ?