ದಿನಸಿ ಕಾಪಾಡುವುದೂ ಅಡುಗೆಯೇ

ಮಾನ್ಯ ಸಂಪಾದಕರೆ,

ಪತ್ರಿಕೆಯ ಅಡುಗೆ ಪುಟದಲ್ಲಿ ಹೊಸರುಚಿಗಳಿಗೆ ಬರವಿಲ್ಲ, ಸಂತೋಷ. ದಿನಸಿ ಕೊಳ್ಳುವ, ಕೆಡದಂತೆ ಇಡುವ ಬಗೆಗೂ ಒಂದಿಷ್ಟು ಜಾಗ ಕೊಡಿ.

ಮಲೆನಾಡಿನ ನಮ್ಮ ಮನೆಗೆ ಅಮ್ಮ ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ತೊಗರಿಬೇಳೆಗಳನ್ನು ಹೊಸ ಫಸಲು ಬಂದು ದರ ಇಳಿದಾಗಲೇ ತರಿಸುತ್ತಿದ್ದಳು. ಬೇಳೆಯನ್ನು ಬಿಸಿಲಿಗೆ ಹರವಿ, ಬಿಸಿ ಆರಿದ ಮೇಲೆ ಅಂಗೈಯಿಂದ ಹರಳೆಣ್ಣೆ ಸವರಿ ಡಬ್ಬಿಗೆ ತುಂಬುವಳು. ತೇವವಿಲ್ಲದ, ಎಣ್ಣೆ ಹತ್ತಿದ ಬೇಳೆಗೆ ಹುಳು ಸುಲಭವಾಗಿ ಬೀಳದು. ಹುಣಸೆಹಣ್ಣಿನ ಬೀಜ ಬಿಡಿಸಿ, ಉಪ್ಪು ಬೆರೆಸಿ ಭರಣಿಯಲ್ಲಿ ಒತ್ತಿಡುವಳು. ಹಳೆಯ ಡಬ್ಬಿ ಬರಿದಾಗದೆ ಹೊಸದರ ಮುಚ್ಚಳ ತೆಗೆಯುವಂತಿರಲಿಲ್ಲ. ಅಕ್ಕಿ ತೊಳೆದ ನೀರೂ ದನದ ಅಕ್ಕಚ್ಚಿಗೆ ಸಲ್ಲುತ್ತಿತ್ತು. ಇದು ಜಿಪುಣತನವಲ್ಲ; ಆಷಾಢದ ಜಡಿಮಳೆಯಲ್ಲಿ ಹೇಳದೆ ಕೇಳದೆ ನೆಂಟರು ಬಂದರೂ ಹಪ್ಪಳ, ಮಿಡಿ ಉಪ್ಪಿನಕಾಯಿಗೆ ಕೊರತೆ ಇರುತ್ತಿರಲಿಲ್ಲ.

ಈಗ ಮೊಬೈಲ್ ಒತ್ತಿದರೆ ಸಾಮಾನು ಬಾಗಿಲಿಗೆ ಬರುತ್ತದೆ. ಮನೆಯಲ್ಲಿ ಏನಿದೆಯೆಂದು ನೋಡದೆ ತರಿಸುತ್ತೇವೆ. ಕಪಾಟಿನ ಮೂಲೆಯ ರವೆ ಹುಳು ಹಿಡಿದು ಕಸಕ್ಕೆ ಹೋಗುತ್ತದೆ. ಪೇಟೆಯ ಪುಟ್ಟ ಅಡುಗೆಮನೆಯಲ್ಲಿ ವರ್ಷದ ದಾಸ್ತಾನು ಆಗದು, ನಿಜ. ಎರಡು ತಿಂಗಳದ್ದಾದರೂ ಇಡಬಹುದು. ಹೊಸದಾಗಿ ಸಂಸಾರ ಹೂಡಿದವರಿಗೆ ಇದನ್ನೆಲ್ಲ ಹೇಳಿಕೊಡುವ ಅಂಕಣ ಆರಂಭಿಸಿದರೆ ಉಪಕಾರವಾದೀತು.

– ಓದುಗರೊಬ್ಬರು, ಶಿರಸಿ